ಅವ್ವನ ಬೀಸುಕಲ್ಲು, ಸೊಸಿಯ ಮಿಕ್ಸರ್

ಹೋದ ವರ್ಷ ಹೋಳಿ ಹುಣ್ಣಿಮೆಯ ದಿನ ಮುಂಜಾನೆ ನಮ್ಮ ಮನೆಯ ಮಿಕ್ಸರ್ ಸುಟ್ಟಿತು. ಎರಡು ಕಿಲೋ ಕಡ್ಲಿಬ್ಯಾಳಿ ಕುದಿಸಿ ಬೆಲ್ಲ ಹಾಕಿ ಸೊಸಿ ಹೂರಣ ರುಬ್ಬಲು ಕುಂತಿದ್ದಳು. ಮೂರನೇ ಸಲ ಜಾರು ತುಂಬಿ ಗುಂಡಿ ತಿರುವಿದಾಗ ಮೋಟಾರು ಗೊರ್ ಅಂದು ನಿಂತಿತು. ಕರಕು ವಾಸನೆ ಪಡಸಾಲಿ ತನಕ ಬಂತು. ಮನೆಯಲ್ಲಿ ಹನ್ನೊಂದು ಮಂದಿ, ಹೋಳಿಗೆ ಇಲ್ಲದೆ ಹುಣ್ಣಿಮೆ ಆಗುವುದಿಲ್ಲ. ಹಿತ್ತಲಲ್ಲಿ ಒಳಕಲ್ಲು ಇತ್ತು, ಕೋಳಿಗಳು ನೀರು ಕುಡಿಯುತ್ತಿದ್ದವು. ಅದನ್ನೇ ತಿಕ್ಕಿ ತೊಳೆದರು.

ನಮ್ಮ ಮನಿಯಾಕಿ ಗುಂಡಕಲ್ಲು ಹಿಡಿದು ಎರಡು ಸುತ್ತು ತಿರುವಿ ಕೈಬಿಟ್ಟಳು. ಆಕೆಯ ಬಲಭುಜ ಹತ್ತು ವರ್ಷದಿಂದ ಮೇಲೆ ಏಳುವುದಿಲ್ಲ. ಸೊಸಿ ಎತ್ತಿಕೊಂಡ ಕೂಸಿನ ತಾಯಿ. ಮಗ ತೋಟಕ್ಕೆ ಹೋಗಿದ್ದ. ಹಾಗಾಗಿ ನಾನು ಕುಂತೆ.

ನಲವತ್ತು ವರ್ಷದಿಂದ ನಾನು ಡೊಳ್ಳಿನ ಹಾಡಕಿ ಮಾಡಿಕೊಂಡು ಬಂದವನು. ಜಾತ್ರೆಯಲ್ಲಿ ಜನ ಕೇಳಿದರೆ ನಡುವೆ ಬೀಸುವ ಪದ, ಕುಟ್ಟುವ ಪದ ಸಹ ಹಾಡುತ್ತೇನೆ. ಹೆಂಗಸರು ಕಣ್ಣು ಒರೆಸಿಕೊಂಡು ಕೇಳುತ್ತಾರೆ. ಆದರೆ ಹೂರಣ ರುಬ್ಬಿದ್ದು ಅಂದೇ ಮೊದಲು. ಅರ್ಧ ತಾಸಿನಲ್ಲಿ ರಟ್ಟೆ ಸೋತು ಹೋದವು, ಬೆನ್ನು ಹಿಡಿಯಿತು. ಉಸಿರೇ ಸಾಲದು, ಹಾಡು ಎಲ್ಲಿಂದ ಬರಬೇಕು? ಮನಿಯಾಕಿ ಬಾಗಿಲಿಗೆ ಆನಿಕೊಂಡು ನಿಂತು ನೋಡುತ್ತಿದ್ದಳು. "ಹಾಡೂದು ಬ್ಯಾರೆ, ತಿರುವೂದು ಬ್ಯಾರೆ ನೋಡ್ರಿ" ಅಂದಳು. ಅಷ್ಟೇ ಅಂದದ್ದು.

ವಾಚನಾಲಯದ ಗುರುಗಳಿಗೆ ಇದನ್ನು ನಗುತ್ತಾ ಹೇಳಿದೆ. ಅವರು ನಗಲಿಲ್ಲ. "ಇದನ್ನು ಬರೀರಿ, ಹಿಂದಿನದು ಮುಂದಿನದು ಎಲ್ಲ ಸೇರಿಸಿ ಬರೀರಿ" ಅಂದರು. ನಾನು ಏಳನೇತ್ತೆ ಕಲಿತವನು. ಗುರುಗಳು ಓದಿ ಹೇಳಿದ್ದು, ಹಾಡಕಿಗೆ ಹೋದ ಊರುಗಳಲ್ಲಿ ಕಂಡದ್ದು, ಮನೆಯಲ್ಲಿ ನಡೆದದ್ದು, ಇಷ್ಟರಿಂದ ಈ ಲೇಖನ.

ಬಳ್ಳಾರಿ ಕಡೆ ಒಮ್ಮೆ ಹಾಡಕಿಗೆ ಹೋಗಿದ್ದಾಗ ಸಂಗನಕಲ್ಲಿನ ಗುಡ್ಡ ತೋರಿಸಿದರು. ನಾಲ್ಕು ಸಾವಿರ ವರ್ಷದ ಹಿಂದೆ, ಕಬ್ಬಿಣ ಇನ್ನೂ ಬರುವ ಮೊದಲು, ಅಲ್ಲಿ ಜನ ದನ ಕಟ್ಟಿಕೊಂಡು ಕಲ್ಲಿನ ಕೊಡಲಿ ಮಾಡಿಕೊಂಡು ಬದುಕಿದ್ದರಂತೆ. ಬಂಡೆಯ ಮೇಲೆ ಉಜ್ಜಿ ಉಜ್ಜಿ ಬಿದ್ದ ತಗ್ಗುಗಳು ಈಗಲೂ ಇವೆ. ಕೈ ಆಡಿಸಿದರೆ ಎಣ್ಣೆ ಸವರಿದಂತೆ ನುಣುಪು. ಅದೇ ಗುಡ್ಡದಲ್ಲಿ ಕಪ್ಪು ಗುಂಡುಗಳಿವೆ, ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಕೊಡುತ್ತವೆ. ಹಳೇ ಮಂದಿ ಅವನ್ನು ಬಡಿದು ಬಡಿದು ಕುಳಿ ಬೀಳಿಸಿದ್ದಾರೆ. ಉಜ್ಜುವ ಕಲ್ಲು, ಹಾಡುವ ಕಲ್ಲು ಎರಡೂ ಒಂದೇ ಗುಡ್ಡದಲ್ಲಿ ಇರುವುದು ನನಗೆ ಬಹಳ ಚಂದ ಕಂಡಿತು.

ಆ ಕಾಲದಲ್ಲಿ ದುಂಡಗಿನ ಬೀಸುಕಲ್ಲು ಇರಲಿಲ್ಲ. ಸಿಂಧೂ ಕಣಿವೆಯ ಹರಪ್ಪ, ಮೊಹೆಂಜೊದಾರೊ ಊರುಗಳನ್ನು ಅಗೆದಾಗ ಸಿಕ್ಕಿದ್ದು ನಡು ತಗ್ಗಾದ ಚಪ್ಪಟೆ ಕಲ್ಲು, ಮೇಲೊಂದು ಕೈಗಲ್ಲು. ಮೊಣಕಾಲೂರಿ ಕುಂತು ಮುಂದಕ್ಕೆ ಹಿಂದಕ್ಕೆ ಉಜ್ಜಬೇಕು. ಈಗ ಮಸಾಲೆ ಅರೆಯುವ ಕಲ್ಲು ಇದೆಯಲ್ಲ, ಅದರ ಮುತ್ತಜ್ಜಿ. ಒಂದರ ಮೇಲೊಂದು ದುಂಡು ಕಲ್ಲು ಇಟ್ಟು ಗೂಟ ಹಿಡಿದು ತಿರುವುವ ಬೀಸುಕಲ್ಲು ಬಂದದ್ದು ಬಹಳ ತಡವಾಗಿ. ಹಿಂದೆ ಮುಂದೆ ಹೋಗುವ ಕೈ ಸುತ್ತ ತಿರುಗುವ ಕೈ ಆಯಿತು. ಇವತ್ತಿನ ಮಿಕ್ಸರ್ ತನಕ ಆಮೇಲೆ ಬಂದದ್ದೆಲ್ಲ ಸುತ್ತ ತಿರುಗುವುದೇ.

ನಮ್ಮ ಜತ್ತ ಸೀಮೆ ಜೋಳ, ಸಜ್ಜಿಯ ಸೀಮೆ. ಅವ್ವ ಎರಡನೇ ಕೋಳಿ ಕೂಗಿದಾಗ ಏಳುತ್ತಿದ್ದಳು. ಎಂಟು ಮಂದಿಗೆ ರೊಟ್ಟಿ ಆಗಬೇಕೆಂದರೆ ದಿನಾ ಮೂರು ಸೇರಿನ ಮೇಲೆ ಹಿಟ್ಟು ಬೀಸಬೇಕು. ನಾನು ಆಕೆಯ ತೊಡೆ ಮೇಲೆ ತಲೆ ಇಟ್ಟು ಮಲಗುತ್ತಿದ್ದೆ. ಗೂಟ ಆಚೆ ಹೋದಾಗ ತೊಡೆ ಸಡಿಲ, ಈಚೆ ಬಂದಾಗ ಬಿಗಿ. ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈ ಸುತ್ತಿಗೊಮ್ಮೆ ಹಿಡಿ ಕಾಳು ಹಾಕುವುದಕ್ಕೆ. ಎದುರಿಗೆ ನೆಗೆಣ್ಣಿ ಕುಂತರೆ ಹಾಡು ಇಬ್ಬರ ನಡುವೆ ಹಂಚಿಹೋಗುತ್ತಿತ್ತು. ಒಬ್ಬಾಕೆ ನುಡಿ ಎತ್ತಬೇಕು, ಇನ್ನೊಬ್ಬಾಕೆ ಹಿಡಿಯಬೇಕು. ಮೂರು ಸಾಲಿನ ತ್ರಿಪದಿ ಯಾಕೆ ಬೀಸುವಾಗ ಸರಿ ಹೊಂದುತ್ತದೆ ಎಂದು ದೊಡ್ಡವರು ದೊಡ್ಡ ಪುಸ್ತಕ ಬರೆದಾರು. ನನಗೆ ಗೊತ್ತಿರುವುದು ಇಷ್ಟು: ಆ ಲಯವನ್ನು ನಾನು ಕಿವಿಗಿಂತ ಮೊದಲು ಗಲ್ಲದಿಂದ ಕಲಿತೆ.

ವರ್ಷಕ್ಕೊಮ್ಮೆ ಕಲ್ಲು ಕಟೆಯುವವರು ಬರುತ್ತಿದ್ದರು. ಬೀಸಿ ಬೀಸಿ ನುಣುಪಾದ ಕಲ್ಲಿಗೆ ಉಳಿ ಹೊಡೆದು ಮತ್ತೆ ಹಲ್ಲು ಮೂಡಿಸುವುದು ಅವರ ಕೆಲಸ. ಕಟೆದ ಮರುದಿನದ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆಂದು ಮೊದಲು ಒಂದಿಷ್ಟು ನುಚ್ಚು ಬೀಸಿ ದನಕ್ಕೆ ಹಾಕುತ್ತಿದ್ದರು.

1972ರ ಬರ ಬಂತು. ನಾನು ಶಾಲೆ ಬಿಟ್ಟದ್ದು ಆ ವರ್ಷವೇ. ಅಪ್ಪ, ಅವ್ವ, ನಾನು ಮೂವರೂ ಸರಕಾರದ ಕಾಮಗಾರಿಗೆ ಖಡಿ ಒಡೆಯಲು ಹೋದೆವು. ಮಕ್ಕಳಿಗೆ ಸುಕಡಿ ಕೊಡುತ್ತಿದ್ದರು. ರೇಶನ್ನಿಗೆ ಹೊರದೇಶದ ಕೆಂಪು ಮಿಲೋ ಜೋಳ ಬಂತು. ಅವ್ವ ಇಡೀ ದಿನ ಬಿಸಿಲಲ್ಲಿ ಕಲ್ಲು ಒಡೆದು ಬಂದು, ನಸುಕಿನಲ್ಲಿ ಎದ್ದು ಮತ್ತೆ ಕಲ್ಲಿನ ಮುಂದೆ ಕೂಡುತ್ತಿದ್ದಳು. ಊರಿಗೆ ಆಗಲೇ ಎಣ್ಣೆ ಎಂಜಿನ್ನಿನ ಗಿರಣಿ ಬಂದಿತ್ತು. ಅದರ ಕೊಳವಿಯ ಕೂಕ್ ಕೂಕ್ ಶಬ್ದ ಅಡವಿಗೆ ಕೇಳಿಸುತ್ತಿತ್ತು. ಆದರೆ ಬೀಸುವ ಕೂಲಿ ಕೊಡಲು ರೊಕ್ಕ ಬೇಕಲ್ಲ. ಆ ವರ್ಷ ಅವ್ವ ಬೀಸುವಾಗ ಹಾಡಿದ್ದು ನನಗೆ ನೆನಪಿಲ್ಲ. ಬೀಸುಕಲ್ಲು ಇದ್ದಲ್ಲೆಲ್ಲ ಹಾಡು ಇತ್ತು ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ, ನಾನೂ ಹೇಳಿದ್ದೇನೆ. ಹೊಟ್ಟೆಗೆ ಇಲ್ಲದಾಗ ಕಲ್ಲಿನ ಸಪ್ಪಳ ಒಂದೇ ಇರುತ್ತಿತ್ತು.

ಈ ಹಾಡುಗಳನ್ನು ಬರೆದಿಟ್ಟ ಪುಣ್ಯವಂತರು ನಮಗೆ ಹತ್ತಿರದವರೇ. ಗಡಿಯ ಆಚೆ ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು 'ಗರತಿಯ ಹಾಡು' ಎಂಬ ಪುಸ್ತಕ ಮಾಡಿದರು, 1931ರಲ್ಲಿ ಅಚ್ಚಾಯಿತು. ನಮ್ಮ ವಾಚನಾಲಯದಲ್ಲಿ ಒಂದು ಪ್ರತಿ ಇದೆ. ಇತ್ತ ಮರಾಠಿಯಲ್ಲಿಯೂ ಪುಣೆಯ ಹೇಮಾ ರಾಯಿರಕರ ಮತ್ತು ಗೀ ಪುವಾತವ್ಯಾಂ ಎಂಬ ಇಬ್ಬರು ಹಳ್ಳಿ ಹಳ್ಳಿ ತಿರುಗಿ ಜಾತ್ಯಾವರಚ್ಯಾ ಓವಿ, ಅಂದರೆ ಬೀಸುಕಲ್ಲಿನ ಹಾಡು, ಲಕ್ಷಕ್ಕೂ ಹೆಚ್ಚು ಕೂಡಿಸಿದರು. ನಮ್ಮ ತಾಲೂಕಿನಲ್ಲಿ ಓಣಿಗೊಂದು ಭಾಷೆ. ಅವ್ವ ಕನ್ನಡದಲ್ಲಿ ಎತ್ತಿದ ನುಡಿಯ ಧಾಟಿಯಲ್ಲೇ ಹಿಂದಿನ ಮನೆಯ ಕಾಕು ಮರಾಠಿ ಓವಿ ಹೇಳುತ್ತಿದ್ದಳು. ಕಲ್ಲಿಗೆ ಎರಡೂ ತಿಳಿಯುತ್ತಿದ್ದವು.

ಗಿರಣಿ ಹಿಟ್ಟಿನ ಕೆಲಸ ತೆಗೆದುಕೊಂಡಿತು. ಆದರೆ ಚಟ್ನಿ, ಹೂರಣ, ಮಸಾಲಿ, ಹಸಿ ಖಾರ ಇವು ಒಳಕಲ್ಲಿನ ಹತ್ತಿರವೇ ಉಳಿದವು. ಈ ಕೆಲಸಕ್ಕೆ ವಿದ್ಯುತ್ತಿನ ಯಂತ್ರ ಮೊದಲು ಹುಟ್ಟಿದ್ದು ನಮ್ಮಲ್ಲಿ ಅಲ್ಲ, ನಮ್ಮ ಅಡುಗೆಗೂ ಅಲ್ಲ. ಅಮೆರಿಕದಲ್ಲಿ 1922ರ ಹೊತ್ತಿಗೆ ಸ್ಟೀಫನ್ ಪೊಪ್ಲಾವ್ಸ್ಕಿ ಎಂಬವರು ಪಾತ್ರೆಯ ತಳದಲ್ಲಿ ತಿರುಗುವ ಅಲಗು ಇಟ್ಟು, ಹಾಲಿನ ಪಾನಕ ಕಲೆಸುವ ಯಂತ್ರ ಮಾಡಿದರು. ಅದೇ ಜಾತಿಯ ಯಂತ್ರವನ್ನು 1937ರಲ್ಲಿ ಮನೆಮಾತು ಮಾಡಿದವರು ಫ್ರೆಡ್ ವೇರಿಂಗ್. ಅವರು ಇಂಜಿನಿಯರ್ ಅಲ್ಲ, ವಾದ್ಯಮೇಳ ಮತ್ತು ಹಾಡುಗಾರರ ತಂಡ ನಡೆಸುತ್ತಿದ್ದವರು! ನನ್ನಂಥವನೇ ಒಬ್ಬ ಹಾಡಕಿಯವನು ರೊಕ್ಕ ಹಾಕಿ ಈ ಯಂತ್ರವನ್ನು ಜಗತ್ತಿಗೆ ಪರಿಚಯ ಮಾಡಿದ ಎಂದು ಗುರುಗಳು ಓದಿ ಹೇಳಿದಾಗ ನನಗೆ ಒಳಗೆ ಚುಚ್ಚಿತು. ಯಾಕೆಂದು ಮುಂದೆ ಹೇಳುತ್ತೇನೆ.

ಆ ಬ್ಲೆಂಡರ್ ಹಣ್ಣು, ಹಾಲು, ಸೊಪ್ಪಿನ ಸಾರಿಗೆ ಆದದ್ದು. ಗಾಜಿನ ಪಾತ್ರೆ, ತೆಳು ಪದಾರ್ಥ. ಒಣ ಅರಿಷಿಣ ಕೊಂಬು, ಕೊಬ್ಬರಿ, ನೆನೆಸಿದ ಬೇಳೆ ಹಾಕಿದರೆ ಅದು ತಾಳಲಾರದು. ಇದಕ್ಕೆ ಉತ್ತರ ಸಿಕ್ಕಿದ್ದು ಮುಂಬೈಯಲ್ಲಿ. ಮಾಧುರಿ ಮಾಥುರ್ ಎಂಬ ತಾಯಿಯ ಹತ್ತಿರ ಜರ್ಮನಿಯಲ್ಲಿ ಆದ ಮಿಕ್ಸರ್ ಇತ್ತು, ಅದು ಕೆಟ್ಟಿತು. ಅವರ ಗಂಡ ಸತ್ಯಪ್ರಕಾಶ ಮಾಥುರ್ ಸೀಮೆನ್ಸ್ ಕಂಪನಿಯಲ್ಲಿ ಇಂಜಿನಿಯರ್. ನಮ್ಮ ಅಡುಗೆಯ ಭಾರ ತಡೆಯುವ ಮೋಟಾರು ಬೇಕೆಂದು ತಾವೇ ಕುಂತು ಮಾಡಿದರು. 1960ರ ದಶಕದಲ್ಲಿ ಹುಟ್ಟಿದ ಆ ಯಂತ್ರವೇ ಸುಮೀತ್ ಮಿಕ್ಸರ್. ಮೋಟಾರು ಗಟ್ಟಿ, ಪಾತ್ರೆ ಸ್ಟೀಲು, ಒಣದಕ್ಕೆ ಬೇರೆ, ಹಸಿಯದಕ್ಕೆ ಬೇರೆ. ಈಗ ಯಾವ ಕಂಪನಿಯ ಮಿಕ್ಸರ್ ತಂದರೂ ಮೂರು ಜಾರು ಬರುತ್ತವಲ್ಲ, ಅದು ಈ ದೇಶದ ಅಡುಗೆಮನೆ ಯಂತ್ರಕ್ಕೆ ಕಲಿಸಿದ ಪಾಠ. ತಮಿಳುನಾಡಿನ ಕೊಯಮತ್ತೂರಿನಲ್ಲಿ 1955ರಲ್ಲಿ ಸಭಾಪತಿ ಎಂಬವರು ಕಲ್ಲನ್ನೇ ಮೋಟಾರಿಗೆ ಕಟ್ಟಿ ಗ್ರೈಂಡರ್ ಮಾಡಿದ್ದರು. ಅದು ಇಡ್ಲಿ, ದೋಸೆಯ ಸೀಮೆಗೆ ಸರಿ. ರೊಟ್ಟಿ ತಿನ್ನುವ ನಮ್ಮ ಕಡೆ ಅದು ಹೋಟೆಲ್ಲಿನವರ ವಸ್ತುವಾಗಿಯೇ ಉಳಿಯಿತು.

ಈಗ ಚುಚ್ಚಿದ ಮಾತು. 1988ರಲ್ಲಿ ನಮಗೆ ಮೊದಲ ಸಲ ದ್ರಾಕ್ಷಿಯಲ್ಲಿ ನಾಲ್ಕು ಕಾಸು ಉಳಿಯಿತು. ಮನಿಯಾಕಿ ಸೊಲ್ಲಾಪುರದಲ್ಲಿ ಅಕ್ಕನ ಮನೆಯಲ್ಲಿ ಮಿಕ್ಸರ್ ನೋಡಿ ಬಂದಿದ್ದಳು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಚಟ್ನಿ ಆಗುತ್ತದೆ ಅಂತ ಎರಡು ಸಲ ಹೇಳಿದಳು. "ಒಂದು ತಗೊಂಡ್ರ ಹೆಂಗ್ರಿ?" ಅಂತ ಮೂರನೇ ಸಲ ಕೇಳಿದಳು. ನಾನು ಹೊಸ ಹಾರ್ಮೋನಿಯಂ ಪೆಟ್ಟಿಗೆ ತಂದೆ. ಮೇಳಕ್ಕೆ ಬೇಕಾಗಿತ್ತು ಎಂಬುದು ಸುಳ್ಳಲ್ಲ. "ಕಲ್ಲಿನ ರುಚಿ ಯಂತ್ರಕ್ಕ ಬರೂದಿಲ್ಲ" ಎಂದು ಮೇಲೊಂದು ಮಾತು ಬೇರೆ ಹೇಳಿದೆ. ಆ ವರ್ಷದ ಜಾತ್ರೆಯಲ್ಲಿ ಅದೇ ಪೆಟ್ಟಿಗೆ ನುಡಿಸಿ ಬೀಸುವ ಪದ ಹಾಡಿ ಬಹುಮಾನ ತಂದೆ. ಆಕೆ ಒಂಬತ್ತು ವರ್ಷ ಮತ್ತೆ ಕೇಳಲಿಲ್ಲ. ಮಿಕ್ಸರ್ ಬಂದದ್ದು 1997ರಲ್ಲಿ. ಭುಜ ತೋರಿಸಿದಾಗ ಡಾಕ್ಟರು, "ಇವರು ಬಹಳ ವರ್ಷ ಒಂದೇ ಕೈಯಲ್ಲಿ ಭಾರದ ಕೆಲಸ ಮಾಡ್ಯಾರ" ಅಂದರು. ರುಬ್ಬಿದ್ದರಿಂದಲೇ ಹಾಗಾಯಿತೋ, ಹೊಲದ ಕೆಲಸದಿಂದಲೋ, ಬೇರೆ ಮಾಡಿ ಹೇಳಲು ಬರುವುದಿಲ್ಲ. ಆದರೆ ಡಾಕ್ಟರು ಹೇಳುವಾಗ ಆಕೆ ನನ್ನ ಕಡೆ ನೋಡಲಿಲ್ಲ, ನಾನೂ ನೆಲ ನೋಡುತ್ತಿದ್ದೆ.

ಹಾಗಾಗಿ ಹೋಳಿ ಹುಣ್ಣಿಮೆಗೆ ಮಿಕ್ಸರ್ ಸುಟ್ಟಾಗ ಯುಗಾದಿಯೊಳಗೆ ಹೊಸದು ತರಲೇಬೇಕೆಂದು ನಾನೇ ಹಟ ಹಿಡಿದೆ. ಸುಟ್ಟದ್ದು ಮಗನ ಮದುವೆಯಲ್ಲಿ ಬಂದ 500 ವ್ಯಾಟಿನದು. ಹನ್ನೊಂದು ಮಂದಿಯ ಹೂರಣ ಅದರ ಅಳತೆ ಮೀರಿದ್ದು. ಜತ್ತದ ರಿಪೇರಿಯವನ ಹತ್ತಿರ ಒಯ್ದೆ. ಅವನು ಬಿಚ್ಚಿ ತೋರಿಸಿದ. ಸುರುಳಿ ಕರ್ರಗಾಗಿತ್ತು. ಅವನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ, ಕೊಳ್ಳುವವರಿಗೆ ಬೇಕಾಗುತ್ತದೆ.

ನಾವು ರೈತರು ಮೋಟಾರಿನ ಬಲವನ್ನು ಎಚ್.ಪಿ. ಲೆಕ್ಕದಲ್ಲಿ ತಿಳಿಯುತ್ತೇವೆ. ಒಂದು ಎಚ್.ಪಿ. ಅಂದರೆ 746 ವ್ಯಾಟ್. ಹಾಗಾದರೆ 750 ವ್ಯಾಟಿನ ಮಿಕ್ಸರ್ ಸುಮಾರು ಒಂದು ಎಚ್.ಪಿ. ಒಬ್ಬ ಗಟ್ಟಿ ಮನುಷ್ಯ ತಾಸುಗಟ್ಟಲೆ ಬಿಡದೆ ಮೈ ದುಡಿಸಿದರೆ 75 ವ್ಯಾಟಿನ ಆಸುಪಾಸು. ಅಂದರೆ ಅಂಗೈ ಅಗಲದ ಆ ಪೆಟ್ಟಿಗೆ ಹತ್ತು ಮಂದಿಯ ರಟ್ಟೆಯ ಕರೆಂಟು ತಿನ್ನುತ್ತದೆ. ತಿಂದದ್ದೆಲ್ಲ ಅಲಗಿಗೆ ಹೋಗುವುದಿಲ್ಲ, ಒಂದಿಷ್ಟು ಕಾವಾಗಿ ಹೋಗುತ್ತದೆ. ಆ ಕಾವೇ ಶತ್ರು. ಮೋಟಾರು ತಿರುಗುತ್ತಿದ್ದರೆ ಗಾಳಿ ಆಡಿ ತಣ್ಣಗಿರುತ್ತದೆ, ಭಾರಕ್ಕೆ ನಿಧಾನವಾದರೆ ಅಥವಾ ನಿಂತರೆ ಸುರುಳಿ ಬೇಯುತ್ತದೆ. ಸಂಜೆ ತೋಟದ ಮೋಟಾರುಗಳು ಚಾಲೂ ಆದವೆಂದರೆ ನಮ್ಮ ಊರ ಬಲ್ಬು ಅರಿಷಿಣ ಬಣ್ಣಕ್ಕೆ ಬರುತ್ತದೆ. ಆ ಹೊತ್ತಿನಲ್ಲಿ 750 ಎಂದು ಬರೆದ ಮಿಕ್ಸರ್ 750ರ ಬಲ ಕೊಡುವುದಿಲ್ಲ. ಹೂರಣ, ಮಸಾಲಿಯಂಥ ಭಾರದ ಕೆಲಸ ಮುಂಜಾನೆಯೇ ಮಾಡಬೇಕು. ಐದು ನಿಮಿಷದ ಒಳಗೆ ನಿಲ್ಲಿಸಿ ತಣಿಯಲು ಬಿಡಬೇಕು. ತಳದಲ್ಲಿ ಒಂದು ಸಣ್ಣ ಕೆಂಪು ಗುಂಡಿ ಇರುತ್ತದೆ, ಭಾರ ಹೆಚ್ಚಾದಾಗ ತಾನೇ ಹಾರಿ ಮೋಟಾರು ಉಳಿಸುತ್ತದೆ. ಅದನ್ನು ಮತ್ತೆ ಮತ್ತೆ ಒತ್ತಿ ಓಡಿಸಿದರೆ ಅದು ತಾನೇ ಏನು ಮಾಡೀತು? ನಮ್ಮ ಮನೆಯಲ್ಲಿ ಆದದ್ದು ಅದೇ.

ಕರೆಂಟಿನ ಬಿಲ್ಲಿಗೆ ಅಂಜುವವರಿಗೆ ಒಂದು ಲೆಕ್ಕ: 750 ವ್ಯಾಟಿನದನ್ನು ದಿನಾ ಎಂಟು ನಿಮಿಷ ಓಡಿಸಿದರೆ ತಿಂಗಳಿಗೆ ಮೂರು ಯೂನಿಟ್ಟು.

ಸೊಲ್ಲಾಪುರಕ್ಕೆ ಮಗ, ಸೊಸಿ, ಮನಿಯಾಕಿ, ನಾನು ನಾಲ್ವರೂ ಹೋದೆವು. ಅಂಗಡಿಯ ಹುಡುಗ ಕನ್ನಡದವನೇ. "ಸಾವಿರ ವ್ಯಾಟಿಂದು ತಗೋರಿ ಕಾಕಾ, ಕಲ್ಲು ಹಾಕಿದ್ರೂ ಪುಡಿ ಮಾಡ್ತದ" ಅಂದ. ಮನಿಯಾಕಿ, "ಕಲ್ಲು ತಿನ್ನೂದಿಲ್ಲೋ ತಮ್ಮಾ ನಾವು" ಅಂದಳು. ಮಗನಿಗೆ ಸಾವಿರದ್ದೇ ಮನಸ್ಸು. ಬಲ ಜಾಸ್ತಿ ಇದ್ದದ್ದು ಒಳ್ಳೇದಲ್ಲವೇ ಎಂದು ನನಗೂ ಅನಿಸಿತು. ಗಂಡಸರು ಮೂವರು ವ್ಯಾಟು, ತಾಮ್ರದ ಸುತ್ತು, ಗ್ಯಾರಂಟಿ ಅಂತ ಮಾತಾಡುತ್ತಾ ನಿಂತೆವು. ಆಗ ಮನಿಯಾಕಿ, "ನೀವೇನು ರುಬ್ಬಾವರು? ಆಕಿನ್ನ ಕೇಳ್ರಿ" ಅಂತ ಸೊಸಿಯ ಕಡೆ ಕೈ ಮಾಡಿದಳು.

ಸೊಸಿ ಮಾತಾಡದೆ ದೊಡ್ಡ ಜಾರಿಗೆ ನೀರು ತುಂಬಿಸಿ ತರಲು ಹುಡುಗನಿಗೆ ಹೇಳಿದಳು. ಒಂದೇ ಕೈಯಲ್ಲಿ ಎತ್ತಿ ಬಗ್ಗಿಸಿ ನೋಡಿದಳು. ಸಾವಿರ ವ್ಯಾಟಿನ ಯಂತ್ರದ ಜಾರು ದೊಡ್ಡದು, ಹಿಡಿ ದಪ್ಪ, ಮಣಿಕಟ್ಟು ನಡುಗಿತು. ಆಮೇಲೆ ಚಟ್ನಿಯ ಸಣ್ಣ ಜಾರಿನೊಳಗೆ ಬೆರಳು ಇಳಿಬಿಟ್ಟು ಅಲಗು ತಳದಿಂದ ಎಷ್ಟು ಮೇಲಿದೆ ನೋಡಿದಳು. ಎರಡು ಬೆಳ್ಳುಳ್ಳಿ, ನಾಲ್ಕು ಮೆಣಸಿನಕಾಯಿ ಹಾಕಿದರೆ ಅಲಗಿಗೆ ಸಿಗಬೇಕಲ್ಲ. ಮೇಲಿದ್ದರೆ ಪದಾರ್ಥ ಗೋಡೆಗೆ ಹತ್ತಿ ಕುಂತುಬಿಡುತ್ತದೆ. ಮುಚ್ಚಳ ಕೈ ಒತ್ತದೆ ನಿಲ್ಲುತ್ತದೋ ಇಲ್ಲವೋ ನೋಡಿದಳು, ಕೂಸು ಇದ್ದಾಕಿಗೆ ಒಂದು ಕೈ ಖಾಲಿ ಬೇಕು. ತಳದ ತಿರುಗಣಿ ರಬ್ಬರು ಜತ್ತದಲ್ಲಿ ಸಿಗುತ್ತದೋ ಎಂದು ಕೇಳಿದಳು. ಕಡೆಗೆ, "ಮಾವಾರ, ವರ್ಷದ ಖಾರ ನಾವು ಹೆಂಗೂ ಗಿರಣಿಗಿ ಕುಟ್ಟಸ್ತೀವಿ. ದಿನದ ಕೆಲಸಕ್ಕ ಸಾವಿರ ಯಾಕ ಬೇಕ್ರಿ?" ಅಂದಳು. 750ರದ್ದನ್ನು ತಂದೆವು. ತಾಮ್ರದ ಸುತ್ತು, ಐ.ಎಸ್.ಐ. ಗುರುತು, ಸ್ಟೀಲಿನ ಮೂರು ಜಾರು. ನಾಲ್ಕು ಸಾವಿರದೊಳಗೆ ಮುಗಿಯಿತು.

ಇಡೀ ಇತಿಹಾಸದಲ್ಲಿ ರುಬ್ಬುವಾಕಿಯನ್ನು ಕೇಳಿ ಕಲ್ಲು ತಂದದ್ದು ಎಷ್ಟು ಮನೆಯಲ್ಲಿ ಇದ್ದೀತು ಎಂದು ಬಸ್ಸಿನಲ್ಲಿ ಬರುವಾಗ ಎಣಿಸುತ್ತಾ ಕುಂತೆ. ಅವ್ವನ ಬೀಸುಕಲ್ಲನ್ನು ಆರಿಸಿದವರು ನಮ್ಮ ಅಜ್ಜ. ಆತ ಒಂದು ದಿನವೂ ಅದರ ಗೂಟ ಹಿಡಿದವನಲ್ಲ. ಒಳ್ಳೆ ತೂಕದ ಕಲ್ಲು ತಂದೆ ಎಂದು ಸಾಯುವ ತನಕ ಹೆಮ್ಮೆಪಟ್ಟ.

ಒಂದು ಕೆಲಸಕ್ಕೆ ಮಾತ್ರ ಹೊಸ ಯಂತ್ರ ಪೂರ್ತಿ ಒಗ್ಗಿಲ್ಲ. ನಮ್ಮ ಕಡೆಯ ಶೇಂಗಾ ಚಟ್ನಿ ನಿಮಗೆ ಗೊತ್ತೇ ಇದೆ. ಕುಟ್ಟಿದಾಗ ಕಾಳು ಜಜ್ಜಿ ಎಣ್ಣೆ ಬಿಡುತ್ತದೆ, ಖಾರ, ಬೆಳ್ಳುಳ್ಳಿ ಆ ಎಣ್ಣೆಯಲ್ಲಿ ಕೂಡಿಕೊಳ್ಳುತ್ತವೆ. ಮಿಕ್ಸರಿನ ಅಲಗು ಜಜ್ಜುವುದಿಲ್ಲ, ಕತ್ತರಿಸುತ್ತದೆ. ಸ್ವಲ್ಪ ಓಡಿಸಿದರೆ ಒಣ ಪುಡಿ, ಜಾಸ್ತಿ ಓಡಿಸಿದರೆ ಬಿಸಿಯಾಗಿ ಮುದ್ದೆ. ಗುಂಡಿಯನ್ನು ಎಡಕ್ಕೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಸುಮಾರಾಗಿ ಬರುತ್ತದೆ ಎಂದು ಸೊಸಿ ಕಂಡುಕೊಂಡಿದ್ದಾಳೆ. ಆದರೂ ಮನಿಯಾಕಿ ಒಪ್ಪುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಒಳಕಲ್ಲು ತೊಳೆಯುತ್ತಾರೆ, ಒನಕಿ ನನ್ನ ಕೈಗೆ ಬರುತ್ತದೆ. ಹೋದ ಅಮವಾಸಿಗೆ ಕುಟ್ಟುತ್ತಾ ಅವ್ವನ ಒಂದು ಕುಟ್ಟುವ ಪದ ಎತ್ತಿದೆ. ಉಸಿರು ಈಗ ಸ್ವಲ್ಪ ಪಳಗಿದೆ, ಎರಡು ನುಡಿ ತನಕ ಬಂತು. ಮನಿಯಾಕಿ ಮೊರ ಕೇರುವುದು ನಿಲ್ಲಿಸಿ ಕೇಳಿದಳು. ಆಮೇಲೆ ಒಳಕಲ್ಲಿನೊಳಗೆ ಬಗ್ಗಿ ನೋಡಿದಳು.

"ಇನ್ನಾ ಎಣ್ಣಿ ಬಿಟ್ಟಿಲ್ಲ" ಅಂದಳು. "ಹಾಡೂದು ಆಮ್ಯಾಲ, ಮೊದಲ ಕುಟ್ರಿ."